ಎರಡು ಭಿನ್ನ ತೀರ್ಪು, 22 ನೋಟು

ಕಾರವಾರದ ಮೀನು ಪೇಟೆಯಲ್ಲಿ ನನಗೆ ಖಾಯಂ ಬಂಗಡೆ ಕೊಡುವ ಹೆಂಗಸೊಬ್ಬರಿದ್ದಾರೆ, ನಾನು ಬಾಯಿ ಅನ್ನುವುದು. 2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟು ರದ್ದಾದಾಗ ಅವರ ಅವಲಕ್ಕಿ ಡಬ್ಬಿಯಲ್ಲಿ ಐನೂರರ 22 ನೋಟುಗಳಿದ್ದವು. ಬ್ಯಾಂಕಿನ ಸಾಲಿನಲ್ಲಿ ನಿಂತರೆ ಅವತ್ತಿನ ಬುಟ್ಟಿ ಹೋಯ್ತು; ಮೀನು ಮಧ್ಯಾಹ್ನದ ಮೇಲೆ ಕಾಯುವುದಿಲ್ಲವಲ್ಲ. ಎರಡು ದಿನ ನೋಡಿ, ಯಾರಿಗೋ ನೋಟಿಗೆ ನಾನೂರರಂತೆ ಕೊಟ್ಟುಬಿಟ್ಟರು. ಹೋದದ್ದು 2,200 ರೂಪಾಯಿ. ಇವತ್ತಿಗೂ ಒದ್ದೆ ಕೈಯಲ್ಲಿ ಚಿಲ್ಲರೆ ಎಣಿಸುವಾಗ ಆ ಲೆಕ್ಕ ಎತ್ತುತ್ತಾರೆ.

2023ರ ಜನವರಿ 2ರಂದು ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು ನೋಟು ರದ್ದತಿ ಸರಿ ಎಂದರು. ಅಲ್ಲ ಎಂದವರು ನ್ಯಾಯಮೂರ್ತಿ ಬಿ.ವಿ. ನಾಗರತ್ನ ಒಬ್ಬರೇ. ಆ ಐವರಲ್ಲಿ ನಜೀರ್, ಬೋಪಣ್ಣ, ನಾಗರತ್ನ ಮೂವರೂ ನಮ್ಮ ಹೈಕೋರ್ಟಿನವರು ಅನ್ನುವುದು ನಮ್ಮ ವಕೀಲರ ಬಾರ್ ರೂಮಿನಲ್ಲಿ ಒಂದು ವಾರದ ಚಹಾಕ್ಕೆ ಸಾಕಾಯಿತು.

ನಾಗರತ್ನ ಅವರು 2008ರಲ್ಲಿ ಹೈಕೋರ್ಟಿನ ನ್ಯಾಯಮೂರ್ತಿಯಾದರು. ಅದೇ ವರ್ಷ ಧಾರವಾಡದಲ್ಲಿ ಪೀಠ ಶುರುವಾಗಿ ನಮಗೆ ಬೆಂಗಳೂರಿನ ರಾತ್ರಿ ಬಸ್ಸು ತಪ್ಪಿತು, ಹಾಗಾಗಿ ಇಸವಿ ನೆನಪಿದೆ. 2021ರಲ್ಲಿ ದೆಹಲಿಗೆ ಹೋದರು. ಹೈಕೋರ್ಟಿನಲ್ಲಿ ಹೆಚ್ಚಾಗಿ ಒಬ್ಬರೋ ಇಬ್ಬರೋ ಕೂರುವುದು. ಇಬ್ಬರ ಮಾತು ಕೂಡದಿದ್ದರೆ ಕಡತ ಮೂರನೆಯವರ ಮುಂದೆ ಹೋಗುತ್ತದೆ, ಕಕ್ಷಿದಾರನಿಗೆ ಇನ್ನೂ ಆಸೆ ಇರುತ್ತದೆ. ಸುಪ್ರೀಂ ಕೋರ್ಟಿನ ಐವರ ಪೀಠದಲ್ಲಿ ಒಂಟಿಯಾದರೆ ಅಲ್ಲಿಗೆ ಮುಗಿಯಿತು.

ಅವರ ತೀರ್ಪನ್ನು ಎರಡು ಸಲ ಓದಿದೆ. ರಿಸರ್ವ್ ಬ್ಯಾಂಕ್ ಕಾಯ್ದೆಯ 26(2)ನೇ ಕಲಮಿನ ಪ್ರಕಾರ ನೋಟು ರದ್ದತಿಯ ಶಿಫಾರಸು ಬ್ಯಾಂಕಿನ ಕೇಂದ್ರ ಮಂಡಳಿಯಿಂದಲೇ ಹೊರಡಬೇಕು. ಇಲ್ಲಿ ಆದದ್ದು ಉಲ್ಟಾ: ನವೆಂಬರ್ 7ರಂದು ಸರ್ಕಾರ ಪತ್ರ ಬರೆಯಿತು, 24 ಗಂಟೆಯೊಳಗೆ ಎಲ್ಲ ಮುಗಿಯಿತು. ಸರ್ಕಾರ ಬಯಸಿದಂತೆ ಎಂಬ ಅರ್ಥದ ಮಾತು ಬ್ಯಾಂಕಿನ ಕಾಗದದಲ್ಲೇ ಇದ್ದುದನ್ನು ಅವರು ಎತ್ತಿ ತೋರಿಸಿದ್ದಾರೆ. ಬ್ಯಾಂಕು ಸ್ವಂತ ಬುದ್ಧಿಯಿಂದ ಯೋಚಿಸಿಲ್ಲ, ಇಂಥದ್ದನ್ನು ಸಂಸತ್ತಿನ ಕಾನೂನಿನಿಂದ ಮಾಡಬೇಕಿತ್ತು ಎಂಬುದು ಅವರ ವಾದ. ಕಡತದ ಒಂದು ಸಾಲಿನಿಂದ ಇಡೀ ವ್ಯವಹಾರವನ್ನು ಬಿಚ್ಚುವುದು ನಮ್ಮಂಥ ಜಿಲ್ಲಾ ಕೋರ್ಟಿನ ವಕೀಲರಿಗೆ ತೀರಾ ಇಷ್ಟವಾಗುವ ಕೆಲಸ.

ಹಾಗಂತ ನಾನು ಅವರ ಭಕ್ತನಲ್ಲ. 2024ರ ಜುಲೈ 25ರ ಖನಿಜ ಪ್ರಕರಣದಲ್ಲೂ ಅವರು ಒಂಟಿ, 8–1. ಗಣಿಯವರು ಅಗೆದ ಖನಿಜಕ್ಕೆ ಕಟ್ಟುವ ರಾಯಧನ ತೆರಿಗೆಯಲ್ಲ, ಖನಿಜವಿರುವ ಭೂಮಿಗೆ ರಾಜ್ಯಗಳು ತೆರಿಗೆ ಹಾಕಬಹುದು ಎಂದರು ಎಂಟು ಜನ. ರಾಯಧನವೂ ತೆರಿಗೆಯೇ, ರಾಜ್ಯಗಳಿಗೆ ಬಿಟ್ಟರೆ ಪೈಪೋಟಿಗೆ ಬೀಳುತ್ತವೆ ಎಂದರು ಇವರು. ವಾದ ಗಟ್ಟಿಯಾಗಿದೆ, ಒಪ್ಪಲಾರೆ. ಅರಬೈಲು ಘಟ್ಟ ಇಳಿದು ಬೇಲೇಕೇರಿ ಬಂದರಿಗೆ ಹೋಗುತ್ತಿದ್ದ ಅದಿರಿನ ಲಾರಿಗಳ ಹಿಂದೆ ಬೈಕಿನಲ್ಲಿ ಹೋದವನು ನಾನು. ಅಂಗಿಯ ಕಾಲರಿನಿಂದ ಕೆಂಪು ಧೂಳು ತೊಳೆದಷ್ಟೂ ಹೋಗುತ್ತಿರಲಿಲ್ಲ. ರಸ್ತೆ ಹಾಳಾಗುವುದು ರಾಜ್ಯದ್ದು, ತೆರಿಗೆ ಕೇಳುವ ಹಕ್ಕು ಮಾತ್ರ ಇಲ್ಲ ಅಂದರೆ ಹೇಗೆ?

ನೋಟಿನ ತೀರ್ಪು ಬಂದ ವಾರ ಬಾಯಿಗೆ ಸುದ್ದಿ ಹೇಳಿದ್ದೆ: ಒಬ್ಬ ಜಡ್ಜಮ್ಮ ತಪ್ಪು ಅಂದಿದ್ದಾರೆ, ನಮ್ಮ ಕರ್ನಾಟಕದವರೇ.

"ಹಂಗಾರೆ ನನ್ನ ಎರಡು ಸಾವಿರದ ಇನ್ನೂರು ವಾಪಸ್ ಬತ್ತದಾ ವಕೀಲ್ರೇ?"

ಇಲ್ಲ ಅಂದೆ. ಆದದ್ದನ್ನು ಈಗ ತಿರುಗಿಸಲಾಗದು ಎಂದು ಅವರೂ ಬರೆದಿದ್ದಾರೆ, ಗೆದ್ದಿದ್ದರೂ ಬರುತ್ತಿರಲಿಲ್ಲ.

"ಮತ್ತೆ ಅಷ್ಟೆಲ್ಲ ಬರದದ್ದು ಯಾಕೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ನನ್ನ ಬಂಗಡೆಯ ಮೇಲೆ ಇನ್ನೆರಡು ಹಾಕಿ ಕಟ್ಟಿಕೊಟ್ಟರು.