ರೋಮಾ ಪಿಟೀಲು ಮತ್ತು ‘ಇದು ನಮ್ದೇ’ ಎನ್ನುವ ಆತುರ

ಹಂಗೇರಿಯ ರೋಮಾ (ಹಿಂದೆ ‘ಜಿಪ್ಸಿ’ ಎನ್ನುತ್ತಿದ್ದ ಸಮುದಾಯ) ವಾದಕರ ಪಿಟೀಲು ಕೇಳಿಸಿದರೆ ನನ್ನ ಸಂಗೀತದ ಗೆಳೆಯರದ್ದು ಒಂದೇ ಮಾತು: ‘ಇದು ನಮ್ಮ ಸಿಂಹೇಂದ್ರಮಧ್ಯಮ ರಾಗ ಅಲ್ವಾ!’

ಸ್ವರಗಳೇನೋ ಹೌದು. ಹಂಗೇರಿಯನ್ ಮೈನರ್ ಎನ್ನುವ ಸ್ಕೇಲಿಗೂ (ಸ್ವರಗಳ ಏಣಿ) ಈ ರಾಗಕ್ಕೂ, ಅಂದರೆ ಕರ್ನಾಟಕ ಸಂಗೀತದ ಮೂಲ ರಾಗಗಳ ಪಟ್ಟಿಯ 57ನೇ ಮೇಳಕ್ಕೂ, ಸ್ವರಸ್ಥಾನ ಒಂದೇ. ರೋಮಾ ಜನರ ಪೂರ್ವಿಕರು ಸುಮಾರು ಸಾವಿರ ವರ್ಷದ ಹಿಂದೆ ಉತ್ತರ ಭಾರತದಿಂದ ಹೊರಟವರು ಎನ್ನುವುದೂ ನಿಜ. ಎರಡನ್ನೂ ಗಂಟು ಹಾಕಿ ‘ರಾಗ ಹೊತ್ಕೊಂಡೇ ಹೋದರು’ ಅನ್ನುವುದು ಮಾತ್ರ ಸುಮ್ನೆ ಖುಷಿಗೆ ಆಡುವ ಮಾತು. ಅಕ್ಕಪಕ್ಕದ ಸ್ವರಗಳ ನಡುವೆ ಅಂಥ ಅಗಲ ಜಿಗಿತವಿರುವ ಸ್ಕೇಲುಗಳು ತುರ್ಕಿ, ಬಾಲ್ಕನ್ ಕಡೆಯೂ ಬೇಕಾದಷ್ಟಿವೆ.

ಗಮಕ, ಅಂದರೆ ಸ್ವರಕ್ಕೆ ಕೊಡುವ ಕುಸುರಿ, ಗಮನಿಸಿ. ನಾವು ಸ್ವರವನ್ನೇ ಅಲುಗಿಸುತ್ತೇವೆ. ಹಂಗೇರಿಯ ಪ್ರೀಮಾಶ್, ಅಂದರೆ ತಂಡದ ಮುಖ್ಯ ಪಿಟೀಲುಗಾರ, ಸ್ವರದ ಸುತ್ತ ಆಡುತ್ತಾನೆ. ಕೆಳಗಿಂದ ಜಾರಿ ಬರುತ್ತಾನೆ, ಪಕ್ಕದ ಸ್ವರವನ್ನು ಪಟಪಟನೆ ತಾಗಿಸುತ್ತಾನೆ, ಲಯ ಬಿಟ್ಟು ಎಳೆಯುತ್ತಾನೆ. ರೊಮೇನಿಯಾದ ಕ್ಲೆಜಾನಿ ಹಳ್ಳಿಯ ನಿಕೊಲಾಯೆ ನಿಯಾಕ್ಷು ಇನ್ನೂ ಒಂದು ಹೆಜ್ಜೆ ಮುಂದೆ. ತಂತಿಗೆ ಕುದುರೆ ಕೂದಲು ಕಟ್ಟಿ, ಕಮಾನು ಬಿಟ್ಟು, ಆ ಕೂದಲನ್ನೇ ಬೆರಳಲ್ಲಿ ಎಳೆದು ಗರಗರ ನಾದ ತೆಗೆಯುತ್ತಿದ್ದರು. ಇದಕ್ಕೆ ಯಾವ ಮೇಳದ ನಂಬರ್ ಕೊಡ್ತೀರಿ?

ಯೂರೋಪಿನವರೂ ಈ ವಿಷಯಕ್ಕೆ ಚೆನ್ನಾಗಿಯೇ ಕಿತ್ತಾಡಿದ್ದಾರೆ. ಹಂಗೇರಿಯ ಸಂಗೀತ ರೋಮಾಗಳದ್ದೇ ಸೃಷ್ಟಿ ಎಂದು 1859ರಲ್ಲಿ ಸಂಗೀತ ರಚನೆಕಾರ ಫ್ರಾಂಜ್ ಲಿಸ್ಟ್ ಬರೆದ. ಇಲ್ಲ, ಅದು ಹಂಗೇರಿಯನ್ನರದ್ದು, ರೋಮಾಗಳು ನುಡಿಸುವವರು ಎಂದು 1931ರಲ್ಲಿ ಇನ್ನೊಬ್ಬ ರಚನೆಕಾರ ಬೇಲಾ ಬಾರ್ಟೋಕ್ ತಿರುಗೇಟು ಕೊಟ್ಟ. ಎಷ್ಟೋ ಧಾಟಿಗಳನ್ನು ಕಟ್ಟಿದವರು ಹಂಗೇರಿಯನ್ನರು, ಒಪ್ಪಿದೆ. ಆದರೆ ನುಡಿಸುವುದು ಅಂದ್ರೆ ಬರೀ ಕೂಲಿ ಕೆಲಸವಾ? ಕೃತಿ ತ್ಯಾಗರಾಜರದ್ದು ಅಂತ ನಾವು ಹಾಡುವವರನ್ನು ಲೆಕ್ಕದಿಂದ ಕೈಬಿಡುತ್ತೇವಾ? ಅಲ್ಲದೆ ಯಾನೋಶ್ ಬಿಹಾರಿಯಂಥ (1764–1827) ರೋಮಾ ಪಿಟೀಲುಗಾರ ತಾನೇ ಧಾಟಿ ಕಟ್ಟುತ್ತಿದ್ದ. ಅವನಿಗೆ ಸ್ವರಲಿಪಿ ಬಾರದು, ಬರೆದಿಟ್ಟವರು ಬೇರೆಯವರು.

ಇನ್ನೊಂದು ಮಜಾ ಇದೆ. ಹಂಗೇರಿಯ ಈ ಪಿಟೀಲಿನ ಮನೆತನದವರು ಬಹುತೇಕ ರೊಮುಂಗ್ರೋ ಎನ್ನುವ ರೋಮಾ ಗುಂಪಿನವರು, ಮನೆಮಾತು ಹಂಗೇರಿಯನ್. ರೋಮಾಗಳ ಸ್ವಂತ ಭಾಷೆ ರೋಮಾನಿಯನ್ನು ಉಳಿಸಿಕೊಂಡ ಇನ್ನೊಂದು ಗುಂಪು, ವ್ಲಾಕ್ ರೋಮಾಗಳ ಹಳೇ ಹಾಡಿಕೆಯಲ್ಲಿ ಪಿಟೀಲೇ ಇಲ್ಲ. ನಿಧಾನದ ಹಾಡು ‘ಲೋಕಿ ಗಿಲಿ’ ಬರೀ ಗಂಟಲಲ್ಲಿ. ಕುಣಿಯೋಕೆ ಚಮಚ, ನೀರಿನ ಕ್ಯಾನು, ಬಾಯಲ್ಲೇ ಹೊರಡಿಸುವ ಬೇಸ್ (ತಗ್ಗು ನಾದ). ಕುಸುರಿ ಪಿಟೀಲು ತೋರಿಸಿ ‘ಅಪ್ಪಟ ರೋಮಾ ಸಂಗೀತ’ ಎಂದು ಜಾಹೀರಾತು ಕೊಡುವವರು ಇವರನ್ನು ಎಲ್ಲಿ ಕೂರಿಸುತ್ತಾರೋ!