ದೂರು ಎಣಿಸಿ ಸೈಕಲ್ ಕಂಪ್ಯೂಟರ್ ಆರಿಸಿದ ವರ್ಷ

ಹ್ಯಾಂಡಲ್‌ಬಾರ್ ಮೇಲೆ ಕೂರಿಸಿ ದಾರಿ, ದೂರ, ವೇಗ ನೋಡುವ ಸೈಕ್ಲಿಂಗ್ ಕಂಪ್ಯೂಟರ್‌ಗಳ ಆರ್ಡರ್ ಹಾಕುವ ಹೊತ್ತು ಬಂತೆಂದರೆ ನಮ್ಮ ಓನರ್ ಕೇಳುವುದು ಒಂದೇ ಪ್ರಶ್ನೆ. "ಯಾವುದಕ್ಕೆ ಕಂಪ್ಲೇಂಟ್ ಕಮ್ಮಿ?" ಕೇಳಬೇಕಾದ ಪ್ರಶ್ನೆಯೇ ಅದು. 25-30 ಸಾವಿರ ಕೊಟ್ಟು ಜನ ಅಂಗೈ ಅಗಲದ ಒಂದು ಯೂನಿಟ್ ಒಯ್ಯುತ್ತಾರೆ. ಎಷ್ಟೋ ಜನ ತಿಂಗಳುಗಟ್ಟಲೆ ದುಡ್ಡು ಕೂಡಿಟ್ಟು ಬಂದಿರುತ್ತಾರೆ. ರಾತ್ರಿ ಹೊತ್ತು ಘಾಟಿಯಲ್ಲಿ ಒಬ್ಬರೇ ಹೋಗುವಾಗ ಎಲ್ಲಿ ತಿರುಗಬೇಕು ಅಂತ ಹೇಳುವುದು ಅದೊಂದೇ. ಅದು ಕೈಕೊಡಬಾರದು.

ಪ್ರಶ್ನೆ ಸರಿ ಇತ್ತು. ಉತ್ತರ ಹುಡುಕಿದ ದಾರಿ ಸರಿ ಇರಲಿಲ್ಲ.

ನಾನು ಬೆಂಗಳೂರಿನ ಒಂದು ಸೈಕಲ್ ಅಂಗಡಿಯಲ್ಲಿ ಸರ್ವಿಸ್ ಕೌಂಟರ್ ನೋಡಿಕೊಳ್ಳುತ್ತೇನೆ. ಗೇರ್ ಟ್ಯೂನಿಂಗ್, ವೀಲ್ ಟ್ರೂಯಿಂಗ್ ಎಲ್ಲ ಒಳಗಿನ ಸ್ಟ್ಯಾಂಡ್‌ನಲ್ಲಿ ಆಗುತ್ತದೆ. ಬ್ಯಾಟರಿ, ಸೆನ್ಸರ್, ಸ್ಕ್ರೀನ್ ಇರುವುದೆಲ್ಲ ನನ್ನ ಮೇಜಿಗೆ ಬರುತ್ತದೆ. ಹಾಗಾಗಿ ಕಂಪ್ಲೇಂಟ್ ಹುಡುಕುವ ಕೆಲಸವೂ ನನಗೇ ಬಂತು. ಕೂತು ಒಂದು ಶೀಟ್ ಮಾಡಿದೆ. ಆನ್‌ಲೈನ್‌ನಲ್ಲಿ ಬಳಕೆದಾರರು ಬರೆದ ದೂರುಗಳನ್ನೆಲ್ಲ ಓದಿ, ಒಂದೊಂದಕ್ಕೆ ಒಂದು ಸಾಲು ಹಾಕಿದೆ. ಮಾಡೆಲ್, ತೊಂದರೆ, ಅಷ್ಟೇ. ಕೊನೆಗೆ ಮಾಡೆಲ್ ಪ್ರಕಾರ ಕೂಡಿದೆ. ನಾವು ತುಂಬಾ ಕಾಲದಿಂದ ಮಾರುತ್ತಿದ್ದ ಹಳೆ ಮಾಡೆಲ್‌ಗೆ ದೂರಿನ ರಾಶಿ. ಹೊಸದಾಗಿ ಬಂದ ಇನ್ನೊಂದಕ್ಕೆ ಬೆರಳೆಣಿಕೆಯಷ್ಟು. ಓನರ್ ಶೀಟ್ ನೋಡಿದರು, ಹೊಸದಕ್ಕೆ ಆರ್ಡರ್ ಹಾಕಿದರು. ಹಳೆಯದರ ಸ್ಟಾಕ್ ಖಾಲಿಯಾದರೆ ಆಗಲಿ ಅಂತ ಬಿಟ್ಟೆವು.

ಆ ಶೀಟ್‌ನಲ್ಲಿ ಇಲ್ಲದಿದ್ದ ಕಾಲಂ ಒಂದೇ: ಯಾವ ಮಾಡೆಲ್ ಎಷ್ಟು ಜನರ ಹತ್ತಿರ ಇದೆ ಅನ್ನುವುದು. ಹಳೆ ಮಾಡೆಲ್ ಊರಲ್ಲೆಲ್ಲ ಇದೆ. ಭಾನುವಾರ ಬೆಳಿಗ್ಗೆ ನಂದಿ ಬೆಟ್ಟದ ಬುಡದಲ್ಲಿ ನಿಂತರೆ ಹ್ಯಾಂಡಲ್‌ಬಾರ್ ಮೇಲೆ ಅದೇ ಕಾಣುತ್ತದೆ. ಹೊಸದನ್ನು ಕೊಂಡವರೇ ಕಮ್ಮಿ. ಕೊಂಡವರಲ್ಲೂ ಹೆಚ್ಚಿನವರು ಒಂದು ಮಳೆಗಾಲ ಕೂಡ ಕಂಡಿರಲಿಲ್ಲ. ಚೆನ್ನಾಗಿ ನಡೆಯುತ್ತಿರುವ ಯೂನಿಟ್ ಬಗ್ಗೆ ಯಾರೂ ರಾತ್ರಿ ಎದ್ದು ಕೂತು ಬರೆಯುವುದಿಲ್ಲ ಅಲ್ವಾ. ಬರೆಯುವವರು ಸಿಟ್ಟಾದವರು. ಅವರ ಸಿಟ್ಟು ನಿಜ. ಆದರೆ ಅವರು ಎಷ್ಟು ಜನರಲ್ಲಿ ಒಬ್ಬರು ಅನ್ನುವುದು ಅವರ ಬರಹದಲ್ಲಿ ಇರುವುದಿಲ್ಲ.

ಇನ್ನೊಂದು ಗೋಜಲು ಇದೆ. ಯೂನಿಟ್ ಮೇಲೆ ಬಂದ ದೂರೆಲ್ಲ ಯೂನಿಟ್‌ನದ್ದೇ ಆಗಿರುವುದಿಲ್ಲ. 2020ರ ಜುಲೈನಲ್ಲಿ ಇಂಥ ಯೂನಿಟ್ ಮಾಡುವ ಗಾರ್ಮಿನ್ ಕಂಪನಿಯ ಮೇಲೆ ರಾನ್ಸಮ್‌ವೇರ್ ದಾಳಿ ಆಯಿತು, ಅಂದರೆ ಅವರ ಕಂಪ್ಯೂಟರ್‌ಗಳನ್ನು ಲಾಕ್ ಮಾಡಿ ದುಡ್ಡು ಕೇಳುವ ದಾಳಿ. ರೈಡ್‌ಗಳು ಹೋಗಿ ಸೇರುವ ಅವರ ಆನ್‌ಲೈನ್ ಸೇವೆ ಗಾರ್ಮಿನ್ ಕನೆಕ್ಟ್ ಕೆಲವು ದಿನ ಬಂದ್. ರೈಡ್ ಮುಗಿಸಿದವರಿಗೆ ಅಪ್‌ಲೋಡ್ ಆಗುತ್ತಿರಲಿಲ್ಲ. ಆದರೆ ಹ್ಯಾಂಡಲ್‌ಬಾರ್ ಮೇಲಿದ್ದ ಯೂನಿಟ್ ರೈಡನ್ನು ಸರಿಯಾಗಿಯೇ ರೆಕಾರ್ಡ್ ಮಾಡುತ್ತಿತ್ತು. ಕೇಬಲ್ ಹಾಕಿ ರೈಡ್‌ನ ಫಿಟ್ ಫೈಲ್ ತೆಗೆದು, ರೈಡ್ ಹಂಚಿಕೊಳ್ಳುವ ಆ್ಯಪ್ ಸ್ಟ್ರಾವಾಗೆ ಕೈಯಾರೆ ಹಾಕಿದರೆ ಆಗುತ್ತಿತ್ತು. 2022ರಲ್ಲಿ ಹ್ಯಾಮರ್‌ಹೆಡ್ ಕಂಪನಿಯ ಕರೂ 2 ಯೂನಿಟ್‌ದು ಬೇರೆ ಕಥೆ. ಆ ಕಂಪನಿಯನ್ನು ಗೇರ್ ಮಾಡುವ ಸ್ರ್ಯಾಮ್ ಕೊಂಡಿತು. ಆಮೇಲೆ ಸ್ರ್ಯಾಮ್‌ನ ಪ್ರತಿಸ್ಪರ್ಧಿ ಶಿಮಾನೊ ಕೇಳಿದ್ದಕ್ಕೆ, ಶಿಮಾನೊದ ಎಲೆಕ್ಟ್ರಾನಿಕ್ ಗೇರ್ ಡಿಐ2ರ ಮಾಹಿತಿ ತೋರಿಸುವ ಸೌಲಭ್ಯವನ್ನೇ ಅಪ್‌ಡೇಟ್‌ನಲ್ಲಿ ತೆಗೆದುಹಾಕಿದರು. ಕೊಂಡವರಿಗೆ ಬೇಜಾರಾಗಿದ್ದು ನ್ಯಾಯವೇ. ಆದರೆ ಅದು ಕಂಪನಿಗಳ ನಡುವಿನ ವಿಷಯ, ಯೂನಿಟ್ ಕೆಟ್ಟದ್ದಲ್ಲ. ಇಂಥ ಒಂದು ವಾರದಲ್ಲಿ ಬಂದ ದೂರುಗಳನ್ನು ಒಂದೊಂದಾಗಿ ಕೂಡಿದರೆ ಲೆಕ್ಕ ದಿಕ್ಕು ತಪ್ಪುತ್ತದೆ.

ಇದೆಲ್ಲ ನನಗೆ ಸರಿಯಾಗಿ ತಲೆಗೆ ಹೋಗಿದ್ದು ಒಂದು ಶುಕ್ರವಾರ ಸಂಜೆ.

ಶಟರ್ ಅರ್ಧ ಇಳಿಸುವ ಹೊತ್ತಿಗೆ ಒಬ್ಬರು ಮೇಡಂ ಬಂದರು. ಕೈಯಲ್ಲಿ ಹಳೆ ಮಾಡೆಲ್. ಮಾರನೇ ದಿನ ನಸುಕಿನಲ್ಲಿ 300 ಕಿ.ಮೀ. ಬಿಆರ್‌ಎಂ, ಅಂದರೆ ಗೊತ್ತುಪಡಿಸಿದ ಸಮಯದೊಳಗೆ ಮುಗಿಸಬೇಕಾದ ದೂರದ ರೈಡ್. 20 ಗಂಟೆಯೊಳಗೆ ಮುಗಿಸಬೇಕು. ಯೂನಿಟ್ ಆನ್ ಮಾಡಿದರೆ ಲೋಗೋ ಬರುತ್ತದೆ, ಆರುತ್ತದೆ, ಮತ್ತೆ ಲೋಗೋ ಬರುತ್ತದೆ. "ರೂಟ್ ಎಲ್ಲ ಇದರಲ್ಲೇ ಇದೆ. ಫೋನ್ ಅಷ್ಟು ಹೊತ್ತು ಬರಲ್ಲ" ಅಂದರು. ಅವರ ದನಿಯಲ್ಲಿ ಜಗಳ ಇರಲಿಲ್ಲ. ಭಯ ಇತ್ತು.

ಈ ಲೋಗೋ ಆಟ ನನಗೆ ಗೊತ್ತಿತ್ತು. ಶೀಟ್‌ನಲ್ಲಿ ಇದರ ಸಾಲುಗಳೇ ಎಷ್ಟೋ ಇದ್ದವು. ಬರೆದವರೆಲ್ಲ "ಬೋರ್ಡ್ ಹೋಗಿದೆ, ದುಡ್ಡು ದಂಡ" ಅಂತಲೇ ಬರೆದಿದ್ದರು. ಅಲ್ಲೊಬ್ಬರು ಇಲ್ಲೊಬ್ಬರು ಫ್ಯಾಕ್ಟರಿ ರೀಸೆಟ್ ಮಾಡಿ ನೋಡಿ ಅಂದಿದ್ದರು. ನಾನೂ "ಬೋರ್ಡ್ ಇರಬಹುದು ಮೇಡಂ, ರೀಸೆಟ್ ಮಾಡಿ ನೋಡ್ತೀನಿ" ಅಂದು ಬಟನ್ ಮೇಲೆ ಬೆರಳಿಟ್ಟೆ.

ಒಳಗೆ ಕೈ ತೊಳೆಯುತ್ತಿದ್ದ ನಮ್ಮ ಹಿರಿಯ ಮೆಕ್ಯಾನಿಕ್ ಹೊರಗೆ ಬಂದು, "ತಡಿ, ತಡಿ" ಅಂದರು. ಅವರಿಗೆ ಎಲೆಕ್ಟ್ರಾನಿಕ್ಸ್ ಮೇಲೆ ಅಷ್ಟೇನೂ ಪ್ರೀತಿ ಇಲ್ಲ. ಆದರೆ ಯಾವ ಸೈಕಲ್ ಬಂದರೂ ಪಾನಾ ಹಿಡಿಯುವ ಮೊದಲು ಅವರು ಕೇಳುವ ಒಂದು ಮಾತು ಇದೆ. ಅದನ್ನೇ ಇಲ್ಲೂ ಕೇಳಿದರು. "ಮೇಡಂ, ಇದು ಯಾವಾಗಿಂದ ಹೀಗೆ?"

"ಮಧ್ಯಾಹ್ನದಿಂದ."

"ಮಧ್ಯಾಹ್ನ ಏನು ಮಾಡಿದ್ರಿ?"

"ನಾಳೆ ರೂಟ್ ಹಾಕಿದೆ ಅಷ್ಟೇ. ಮಧ್ಯದಲ್ಲಿ ಕೇಬಲ್ ಬಿಚ್ಚಿಕೊಂಡಿತ್ತು."

ಬೆರಳು ತೆಗೆದೆ. ರೀಸೆಟ್ ಆಗಿದ್ದರೆ ಸಿಂಕ್ ಆಗದ ರೈಡ್‌ಗಳು, ಸೆನ್ಸರ್ ಪೇರಿಂಗ್, ಸ್ಕ್ರೀನ್ ಸೆಟಿಂಗ್ ಎಲ್ಲ ಹೋಗುತ್ತಿತ್ತು. ಆ ಮಾಡೆಲ್‌ನಲ್ಲಿ ಒಂದು ಬಟನ್ ಒತ್ತಿ ಹಿಡಿದು ಕಂಪ್ಯೂಟರ್‌ಗೆ ಹಾಕಿದರೆ, ಪೂರ್ತಿ ಆನ್ ಆಗದೆಯೇ ಪೆನ್‌ಡ್ರೈವ್ ಥರ ತೆರೆದುಕೊಳ್ಳುತ್ತದೆ. ಹಾಗೇ ಮಾಡಿದೆ. ಏನೂ ಬರಲಿಲ್ಲ. ಮತ್ತೆ ಮಾಡಿದೆ. ಬರಲಿಲ್ಲ. ಮೇಡಂ ಗಡಿಯಾರ ನೋಡಿದರು. ಆಮೇಲೆ ಹೊಳೆಯಿತು, ಕೌಂಟರ್ ಮೇಲಿದ್ದ ಕೇಬಲ್ ಬರೀ ಚಾರ್ಜಿಂಗ್‌ದು, ಅದರಲ್ಲಿ ಡೇಟಾ ಹೋಗುವುದೇ ಇಲ್ಲ. ಡ್ರಾಯರ್ ಕೆದಕಿ ಇನ್ನೊಂದು ಕೇಬಲ್ ತೆಗೆದೆ. ಬಟನ್ ಒತ್ತಿ ಹಿಡಿದೆ. ಬೆವರಿಗೆ ಬೆರಳು ಜಾರುತ್ತಿತ್ತು. ಸ್ವಲ್ಪ ಹೊತ್ತಿಗೆ ಸ್ಕ್ರೀನ್ ಮೇಲೆ ಡ್ರೈವ್ ಕಾಣಿಸಿತು.

ಮೊದಲು ರೈಡ್‌ಗಳ ಫೋಲ್ಡರ್ ಅನ್ನು ಹಾಗೇ ಕಾಪಿ ಮಾಡಿಟ್ಟೆ. ಆಮೇಲೆ ಹೊಸ ಫೈಲ್‌ಗಳ ಫೋಲ್ಡರ್ ತೆರೆದೆ. ಒಂದೇ ಫೈಲ್. ರೂಟ್‌ನ ಹೆಸರು ಸರಿಯಾಗಿದೆ, ಸೈಜ್ ಮಾತ್ರ 0 ಕೆಬಿ. ಯೂನಿಟ್ ಪ್ರತಿ ಸಲ ಆನ್ ಆಗುವಾಗ ಆ ಅರ್ಧಂಬರ್ಧ ಫೈಲನ್ನು ಓದಲು ಹೋಗಿ ಬೀಳುತ್ತಿತ್ತು. ಅಳಿಸಿದೆ, ಇಜೆಕ್ಟ್ ಮಾಡಿದೆ, ಆನ್ ಮಾಡಿದೆ. ಲೋಗೋ ಬಂತು. ಮೂವರೂ ಸುಮ್ಮನೆ ನಿಂತೆವು. ಆಮೇಲೆ ಸ್ಯಾಟಲೈಟ್ ಹುಡುಕುವ ಗುರುತು ಬಂತು. ರೂಟ್ ಮತ್ತೆ ಇಳಿಸಿ ಹಾಕಿ, ಯೂನಿಟ್‌ನಲ್ಲೇ ತೆರೆದು ತೋರಿಸಿ ಕಳಿಸಿದೆ. ಮೇಡಂ ಮಾರನೇ ರಾತ್ರಿ ಟೈಮ್ ಒಳಗೆ ಮುಗಿಸಿದರು.

ಅಂಗಡಿ ಬಾಗಿಲು ಹಾಕಿದ ಮೇಲೆ ಶೀಟ್ ತೆರೆದು ಅದೇ ಸಾಲುಗಳನ್ನು ಮತ್ತೆ ಓದಿದೆ. ಈ ಸಲ ತೊಂದರೆಯ ಹೆಸರು ಬಿಟ್ಟು, ಅದಕ್ಕೆ ಮೊದಲು ಏನಾಗಿತ್ತು ಅಂತ ನೋಡಿದೆ. "ರೂಟ್ ಹಾಕಿದ ಮೇಲೆ", "ಅಪ್‌ಡೇಟ್ ಮಧ್ಯೆ ಫೋನ್ ಕಟ್ ಆಗಿ". ಬರೆದವರು ಹೇಳಿಯೇ ಇದ್ದರು. ನಾನು "ಹಾರ್ಡ್‌ವೇರ್ ಡೆಡ್" ಅಂತ ಎಂಟ್ರಿ ಹಾಕಿಕೊಂಡಿದ್ದೆ. ಕೆಟ್ಟ ಫೈಲ್ ಬಂದರೆ ಬೀಳುವುದು ಯೂನಿಟ್ ಒಳಗಿನ ಸಾಫ್ಟ್‌ವೇರ್‌ನ, ಅಂದರೆ ಫರ್ಮ್‌ವೇರ್‌ನ ದೋಷವೇ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅದು ಹತ್ತು ನಿಮಿಷದಲ್ಲಿ ನಮ್ಮ ಮೇಜಿನ ಮೇಲೇ ಸರಿಹೋಗುವ ದೋಷ. ಅದನ್ನೂ ನೀರು ಹೊಕ್ಕು ಸತ್ತ ಯೂನಿಟ್ಟನ್ನೂ ಒಂದೇ ತೂಕಕ್ಕೆ ಹಾಕಿದ್ದೆ.

ಅಷ್ಟರಲ್ಲಿ ಮಳೆಗಾಲ ಶುರುವಾಯಿತು, ಹೊಸ ಮಾಡೆಲ್‌ಗಳು ವಾಪಸ್ ಬರತೊಡಗಿದವು.

ನಮ್ಮ ಗಿರಾಕಿಗಳು ಮಳೆಗಾಲದಲ್ಲಿ ಮನೆಯಲ್ಲಿ ಕೂರುವವರಲ್ಲ. ಜುಲೈನಲ್ಲೇ ಸಕಲೇಶಪುರ, ಚಾರ್ಮಾಡಿ, ಆಗುಂಬೆ ಅಂತ ಹೊರಡುತ್ತಾರೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ.ಗಿಂತ ಜಾಸ್ತಿ ಮಳೆ. ಮೊದಲು ಬಂದ ದೂರು ಎತ್ತರದ್ದು. ಘಾಟಿ ಹತ್ತುತ್ತಿದ್ದರೂ ಎತ್ತರ ನಿಂತಲ್ಲೇ ನಿಂತಿದೆ, ಏರು ಸೊನ್ನೆ ತೋರಿಸುತ್ತಿದೆ. ಇಂಥ ಯೂನಿಟ್‌ಗಳು ಗಾಳಿಯ ಒತ್ತಡ ಅಳೆದು ಎತ್ತರ ಹೇಳುತ್ತವೆ. ಅದಕ್ಕೆ ಒಂದು ಸಣ್ಣ ತೂತು ಇರುತ್ತದೆ. ಅದರ ಮೇಲೆ ನೀರಿನ ಪೊರೆ ಕೂತರೆ ಒಳಗಿನ ಸೆನ್ಸರ್‌ಗೆ ಹೊರಗಿನ ಗಾಳಿ ತಾಕುವುದಿಲ್ಲ. ಒಣಗಿದರೆ ಸರಿಹೋಗುತ್ತದೆ. ಕೆಸರೋ ಬೆವರಿನ ಉಪ್ಪೋ ಕೂತಿದ್ದರೆ ಶುದ್ಧ ನೀರಲ್ಲಿ ತೊಳೆದು ಒಣಗಿಸಬೇಕು. ಪಿನ್ ಹಾಕಿ ಚುಚ್ಚಬಾರದು, ಚುಚ್ಚಿದರೆ ಸೆನ್ಸರ್ ಹೋಗುತ್ತದೆ. ಇದು ಬಹಳ ಮಾಡೆಲ್‌ಗಳಲ್ಲಿ ಇರುವ ತೊಂದರೆ. ಇದಕ್ಕಾಗಿ ಯಾವುದನ್ನೂ ತಿರಸ್ಕರಿಸುವ ಹಾಗಿಲ್ಲ.

ಆಮೇಲೆ ಬಂದವು ನಿಜವಾಗಿಯೂ ಸತ್ತವು. ಚಾರ್ಜಿಂಗ್ ಪೋರ್ಟ್‌ನ ರಬ್ಬರ್ ಮುಚ್ಚಳ ಎತ್ತಿ ಟಾರ್ಚ್ ಬಿಟ್ಟರೆ ಒಳಗೆ ಪಿನ್‌ಗಳ ಮೇಲೆ ಹಸಿರು ಕಿಲುಬು. ಅಂಚಿನಲ್ಲಿ ಬಿಳಿ ಉಪ್ಪು. ಮುಚ್ಚಳವನ್ನು ಹಿಡಿದು ಕೂರಿಸುವ ಒಂದು ಸಣ್ಣ ಕಿವಿ ಸವೆದು ಅದು ಸರಿಯಾಗಿ ಕೂರುತ್ತಲೇ ಇರಲಿಲ್ಲ. ಹೀಗೇ ಒಂದಲ್ಲ, ಬಂದದ್ದೆಲ್ಲ ಅದೇ ಕಿವಿ, ಅದೇ ಮೂಲೆ. ಮಳೆಯಲ್ಲಿ ನೆನೆದು ಬಂದವರು ರೂಮಿಗೆ ಹೋದ ತಕ್ಷಣ ಚಾರ್ಜ್‌ಗೆ ಹಾಕುತ್ತಾರೆ. ಒದ್ದೆ ಪೋರ್ಟ್‌ಗೆ ಕರೆಂಟ್ ಹೋದರೆ ಕಿಲುಬು ಬೇಗ ಹಿಡಿಯುತ್ತದೆ.

ಡಬ್ಬದ ಮೇಲೆ ಐಪಿಎಕ್ಸ್7 ಅಂತಲೇ ಇತ್ತು. ಅದರ ಅರ್ಥ, 1 ಮೀಟರ್ ಆಳದ ನೀರಲ್ಲಿ 30 ನಿಮಿಷ ಇಟ್ಟರೆ ಹಾಳಾಗಬಾರದು. ಪರೀಕ್ಷೆ ಮಾಡುವುದು ಹೊಸ ಯೂನಿಟ್‌ಗೆ, ನಿಂತ ನೀರಲ್ಲಿ. ಲಾರಿ ಎರಚುವ ಕೆಸರು, ಬೆವರು, ನೂರಾರು ಸಲ ತೆಗೆದು ಮುಚ್ಚಿದ ಮುಚ್ಚಳ, ಇದ್ಯಾವುದೂ ಆ ಪರೀಕ್ಷೆಯಲ್ಲಿ ಇಲ್ಲ. ಸೈಕಲ್ ತೊಳೆಯುವ ಪ್ರೆಶರ್ ಜೆಟ್‌ಗೆ ಬೇರೆಯೇ ಪರೀಕ್ಷೆ ಇದೆ.

ನನಗೆ ಇವತ್ತಿಗೂ ಚುಚ್ಚುವುದು ಇದು: ಆ ಮುಚ್ಚಳದ ವಿಷಯ ನನ್ನ ಶೀಟ್‌ನಲ್ಲಿ ಇತ್ತು. ಬೆರಳೆಣಿಕೆಯ ಆ ದೂರುಗಳಲ್ಲೇ ಇತ್ತು. ದಿನಾ ಮಳೆಯಲ್ಲಿ ಕೆಲಸಕ್ಕೆ ಸೈಕಲ್‌ನಲ್ಲಿ ಹೋಗುವವರು ಬರೆದಿದ್ದರು. ಕೊಂಡು ಕೆಲವು ತಿಂಗಳಾದ ಮೇಲೆ, ಒಬ್ಬರಿಗೊಬ್ಬರು ಗೊತ್ತಿಲ್ಲದವರು, ಒಂದೇ ಕಿವಿಯ ಮಾತು ಹೇಳಿದ್ದರು. ಸಿಟ್ಟಿಲ್ಲದ ಪುಟ್ಟ ಬರಹಗಳು. ಒಬ್ಬರಂತೂ ಫೋಟೋ ಹಾಕಿದ್ದರು. ಸಂಖ್ಯೆ ಕಮ್ಮಿ ಅಂತ ನಾನು ಅವನ್ನು ದಾಟಿಕೊಂಡು ಹೋಗಿದ್ದೆ. ಅಲ್ಲಿದ್ದ ದೂರುಗಳಲ್ಲಿ ನಮ್ಮ ಊರಿಗೆ ಹೊಂದುವುದು ಅದೇ ಆಗಿತ್ತು.

ಈಗ ನಾನು ದೂರು ಓದುವ ರೀತಿ ಬೇರೆ. ಕೊಂಡು ಮೊದಲ ವಾರ ಬರೆದದ್ದಾದರೆ ಹೆಚ್ಚಾಗಿ ಪೇರಿಂಗ್, ಆ್ಯಪ್, ಸೆಟಿಂಗ್ ಗಲಾಟೆ. ಅದನ್ನು ಪಕ್ಕಕ್ಕಿಡುತ್ತೇನೆ. ಒಂದು ವರ್ಷದ ಆಚೆ ಈಚೆ ಬರೆದದ್ದಾದರೆ ನಿಧಾನವಾಗಿ ಓದುತ್ತೇನೆ. ಬಟನ್ ರಬ್ಬರ್, ಮುಚ್ಚಳ, ಬ್ಯಾಟರಿ ಎಲ್ಲ ಬಾಯಿಬಿಡುವುದು ಆಗಲೇ. ಫರ್ಮ್‌ವೇರ್ ನಂಬರ್ ಬರೆದಿದ್ದರೆ ಆ ದೂರಿಗೆ ಬೆಲೆ ಜಾಸ್ತಿ, ಮುಂದಿನ ಅಪ್‌ಡೇಟ್‌ನಲ್ಲಿ ಹೋಯಿತೋ ಇಲ್ಲವೋ ನೋಡಬಹುದು. "ಕೇಡೆನ್ಸ್ (ಪೆಡಲ್ ನಿಮಿಷಕ್ಕೆ ಎಷ್ಟು ಸುತ್ತು ಅನ್ನುವ ಲೆಕ್ಕ) ಕಟ್ ಆಗುತ್ತೆ, ಹಾರ್ಟ್ ರೇಟ್ ನಿಲ್ಲುತ್ತೆ" ಅನ್ನುವವರ ವಿಷಯದಲ್ಲಿ ಮೊದಲು ಸೆನ್ಸರ್‌ನ ಸಿಆರ್2032 ಸೆಲ್ ಮೇಲೆ ಅನುಮಾನ. ಕೌಂಟರ್‌ಗೆ ಬಂದರೆ ಸೆಲ್ ಬದಲಿಸಿ, ಅದರ ಕಾಂಟ್ಯಾಕ್ಟ್ ಒರೆಸಿ ಕೊಟ್ಟರೆ ಬಹಳ ಸಲ ಅಲ್ಲಿಗೆ ಮುಗಿಯುತ್ತದೆ. ಮೌಂಟ್‌ಗೆ ಕೂರುವ ಪ್ಲಾಸ್ಟಿಕ್ ಕಿವಿ ಮುರಿದ ದೂರನ್ನು ಮಾತ್ರ ಎಷ್ಟು ಹಳೆಯದಾದರೂ ಬಿಡುವುದಿಲ್ಲ. ನಮ್ಮ ಗುಂಡಿಗಳಲ್ಲಿ ಅದು ಮುರಿದರೆ ಯೂನಿಟ್ ರಸ್ತೆಗೆ ಹಾರಿ ಹಿಂದಿನ ಕಾರಿನ ಚಕ್ರಕ್ಕೆ ಸಿಗುತ್ತದೆ. ಹ್ಯಾಂಡಲ್‌ಬಾರ್‌ಗೆ ಕಟ್ಟುವ ದಾರ, ಟೆದರ್, ಹಾಕದೆ ನಾನು ಯಾವ ಯೂನಿಟ್ಟನ್ನೂ ಕೌಂಟರ್ ದಾಟಲು ಬಿಡುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಆನ್‌ಲೈನ್ ದೂರಿನಿಂದ ಗೊತ್ತಾಗುವುದು ಎಲ್ಲಿ ಕೆಡುತ್ತದೆ ಅನ್ನುವುದು. ಎಷ್ಟು ಕೆಡುತ್ತದೆ ಅಂತ ಹೇಳಬಲ್ಲವರು ಡಿಸ್ಟ್ರಿಬ್ಯೂಟರ್. ಎಷ್ಟು ಮಾರಿದರು, ಎಷ್ಟು ವಾಪಸ್ ಬಂತು, ಎರಡೂ ಅವರ ಹತ್ತಿರ ಇದೆ. ಕೇಳಿದರೆ ಕೊಡುವುದಿಲ್ಲ. ಕೆಟ್ಟ ಯೂನಿಟ್ ವಾಪಸ್ ಕಳಿಸುವಾಗ ಅವರಿಗೆ ತುಂಬಿಕೊಡುವ ಆರ್‌ಎಂಎ ಫಾರ್ಮ್‌ನಲ್ಲಿ ತೊಂದರೆ ಬರೆಯುವ ಜಾಗದಲ್ಲಿ "ಆನ್ ಆಗುತ್ತಿಲ್ಲ", "ಡಿಸ್‌ಪ್ಲೇ", "ಇತರೆ" ಅಂತ ಆಯ್ಕೆ ಇದೆ. ಮುಚ್ಚಳದ ಕಿವಿ ಸವೆದು ನೀರು ಹೊಕ್ಕಿದ್ದೂ "ಆನ್ ಆಗುತ್ತಿಲ್ಲ", ಫೈಲ್ ಕೆಟ್ಟಿದ್ದೂ "ಆನ್ ಆಗುತ್ತಿಲ್ಲ". ಸತ್ತ ಯೂನಿಟ್ ಹೇಳಬೇಕಾದ ಮಾತು ಆ ಡ್ರಾಪ್‌ಡೌನ್‌ನಲ್ಲೇ ಕಳೆದುಹೋಗುತ್ತದೆ. ಇದನ್ನು ನಾನು ಅವರಿಗೆ ಮೇಲ್ ಮಾಡಿದ್ದೇನೆ, ಮತ್ತೆ ಮಾಡುತ್ತೇನೆ.

ನಮ್ಮ ಕೈಯಲ್ಲಿರುವುದು ನಮ್ಮ ಜಾಬ್ ಕಾರ್ಡ್. ಅದರಲ್ಲಿ ಎರಡು ಸಾಲು ಸೇರಿಸಿ ಅಂತ ಓನರ್‌ಗೆ ಹೇಳಿದೆ: ಯಾವಾಗ ಕೊಂಡದ್ದು, ಕೆಡುವ ಮೊದಲು ಏನಾಯಿತು. ಅವರು ಒಪ್ಪಿ ಹೊಸ ಪ್ಯಾಡ್ ಪ್ರಿಂಟ್ ಮಾಡಿಸಿದರು. ಹಳೆ ಮಾಡೆಲ್ ಮತ್ತೆ ಸ್ಟಾಕ್‌ಗೆ ಬಂದಿದೆ. ಹೊಸದೇ ಬೇಕು ಅಂತ ಬಂದವರಿಗೆ ಮೊದಲು ಆ ಮುಚ್ಚಳ ಎತ್ತಿ ತೋರಿಸುತ್ತೇನೆ, ಬೆಲೆ ಆಮೇಲೆ ಹೇಳುತ್ತೇನೆ.