ಎಲ್ಲಾರಿಗೂ ಒಂದೊಂದು ಚಿಲಕ
ಕಲಬುರಗಿ, ಸೆಪ್ಟೆಂಬರ್ 11, 2024, ಬುಧವಾರ

17ಕ್ಕ ಕಲ್ಯಾಣ ಕರ್ನಾಟಕ ಉತ್ಸವ ಅದಾ, ಸಾಲ್ಯಾಗ ಡ್ಯಾನ್ಸ್ ಪ್ರಾಕ್ಟೀಸ್ ಜೋರ್ ನಡದದ. ಮಧ್ಯಾಹ್ನ ಡ್ರೆಸ್ ಹಾಕ್ಕೊಂಡು ಒಮ್ಮಿ ಮಾಡಿ ನೋಡ್ರಿ ಅಂತ ಕಳಿಸಿದ್ವಿ. ಹುಡಿಗ್ಯಾರು ಸ್ಟೋರ್ ರೂಮಿಗಿ, ಹುಡುಗರು ಹಿಂದಿನ ಕ್ಲಾಸಿಗಿ. ಆಕಿ ಒಬ್ಬಾಕಿ ಗ್ರೌಂಡಿನ್ಯಾಗೇ ನಿಂತಿದ್ಲು. ಹೆಸರು ಬರಿಯಂಗಿಲ್ಲ. ಒಂಬತ್ತನೇ ಕ್ಲಾಸು, ಹಾಜರಿ ಪುಸ್ತಕದಾಗ ಹುಡುಗ ಅಂತದ, ಆದ್ರ ತಾನು ಹುಡುಗಿ ಅಂತ ಹೋದ ವರ್ಷ ತಾನಾಗೇ ಬಂದು ನನಗ ಹೇಳ್ಯಾಳ.

"ಯಾಕವಾ ಹೋಗ್ಲಿಲ್ಲ?"

"ಒಳಗ ಹಾಕ್ಕೊಂಡೇ ಬಂದೀನ್ರಿ ಟೀಚರ್" ಅಂತ ಯೂನಿಫಾರ್ಮ್ ಕಾಲರ್ ಸರಿಸಿದ್ಲು. ಬಾಡಗಿ ಜುಬ್ಬಾ, ಗಾಳಿ ಆಡದ ಬಟ್ಟಿ, ಜರಿ ಅಂಚು ತಿಕ್ಕಿ ತಿಕ್ಕಿ ಕುತ್ತಿಗಿ ಸುತ್ತ ಕೆಂಪಗ ಗೆರಿ ಬಿದ್ದಿತ್ತು. ಮುಂಜಾನಿಂದ ನೀರೂ ಕುಡ್ದಿಲ್ಲಂತ, ಕುಡಿದ್ರ ಟಾಯ್ಲೆಟ್ಟಿಗಿ ಹೋಗ್ಬೇಕಲ್ಲ ಅಂದ್ಲು. ನನಗ ಎದಿಯಾಗ ಕಲಸದಂಗಾತು.

ಡ್ಯಾನ್ಸ್ ಮಾತ್ರ ಏನ್ ಮಾಡ್ತಾಳ! ಮುಂದಿನ ಸಾಲಿನ್ಯಾಗ ಆಕಿ ನಿಂತ್ರ ಹಿಂದಿನವರೆಲ್ಲ ಆಕಿನ್ನೇ ನೋಡಿ ಹೆಜ್ಜಿ ಹಾಕ್ತಾರ.

ಜೊತಿ ಟೀಚರ್ ಒಬ್ಬರು "ಆಕಿಗಿ ಆಫೀಸ್ ರೂಮ್ ಬಿಟ್ಟು ಕೊಡೋಣ್ರಿ" ಅಂದ್ರು. ಒಳ್ಳೇ ಮನಸ್ಸಿಂದೇ ಅಂದ್ರು. ಆದ್ರ ಒಬ್ಬಾಕಿನ್ನ ಆಫೀಸಿಗಿ ಕಳಿಸಿದ್ರ ಇಡೀ ಸಾಲಿ ಯಾಕ ಅಂತ ಕೇಳ್ತದ, ಸಂಜಿಕಿ ಅದು ಮನಿ ಮುಟ್ತದ, ಮನ್ಯಾಗಿನ್ನೂ ಗೊತ್ತಿಲ್ಲ, "ಹೇಳ್ಬ್ಯಾಡ್ರಿ ಟೀಚರ್" ಅಂತ ನನ್ನ ಕೈ ಹಿಡದಾಳ. ಹುಡಿಗ್ಯಾರ ಜೊತಿ ಕಳಿಸಬೇಕಂದ್ರ, ಅವರೊಳಗೇ ಒಬ್ಬಾಕಿ ಸಪ್ಪಗ ಬಂದು, ಆಕಿ ಬಂದ್ರ ನಂದೇನಿಲ್ರಿ, ಆದ್ರ ನಾ ಯಾರ್ ಮುಂದೂ ಬಟ್ಟಿ ಬದಲಿಸಂಗಿಲ್ಲ, ಇವತ್ತೂ ಬಾಗಿಲ ಹಿಂದ ಬದಲಿಸೀನಿ ಅಂದ್ಲು. ಆ ಕೂಸಿನ ನಾಚಿಕಿನೂ ಖರೇನೇ, ಅದನ್ನ ತಳ್ಳಿ ಹಾಕಂಗಿಲ್ಲ.

2014ರಾಗ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ) ಕೇಸಿನ್ಯಾಗ ಸುಪ್ರೀಂ ಕೋರ್ಟು, ತಾವು ಗಂಡೋ ಹೆಣ್ಣೋ ಯಾರಂತ ಹೇಳ್ಕೊಳ್ಳೋ ಹಕ್ಕು ಟ್ರಾನ್ಸ್‌ಜೆಂಡರ್ ಮಂದಿದೇ ಅಂತ ಹೇಳ್ತು, ಅವರ ಹಕ್ಕಿನ 2019ರ ಕಾಯ್ದಿ ಸಾಲ್ಯಾಗ ಪಾಠ ಆಟ ಎರಡರಾಗೂ ಭೇದ ಮಾಡಬಾರ್ದು ಅಂತದ. ಶಿಕ್ಷಕರಿಗಂತ 2021ರಾಗ ಸಾಲಿ ಪಠ್ಯ ಮಾಡೋ ಕೇಂದ್ರದ ಸಂಸ್ಥಿ ಎನ್‌ಸಿಇಆರ್‌ಟಿ ಇಂಥಾ ಮಕ್ಕಳ ಬಗ್ಗೆ ಕೈಪಿಡಿ ತಂದಿತ್ತು, ಟಾಯ್ಲೆಟ್ಟಿನ ಮಾತೂ ಅದರಾಗಿತ್ತು, ಗದ್ದಲ ಎದ್ದ ಮ್ಯಾಲ ವೆಬ್‌ಸೈಟಿಂದ ತಗದ್ರು. ಸಿಟ್ಟು ಬರ್ತದ.

ನನಗ ಕಾಣೋದು ಇಷ್ಟೇ, ಸ್ಟೋರ್ ರೂಮಿನ್ಯಾಗ ಪ್ಲೈವುಡ್ ಹೊಡಿಸಿ ಮೂರ್ನಾಲ್ಕು ಸಣ್ಣ ಖೋಲಿ ಮಾಡ್ಬೇಕು, ಒಂದೊಂದಕ್ಕೂ ಒಳಗಿಂದ ಚಿಲಕ, ಯಾರಾದ್ರೂ ಹೋಗ್ಲಿ, ಒಬ್ಬೊಬ್ಬರೇ ಹೋಗ್ಲಿ, ಯಾಕ ಅಂತ ಯಾರೂ ಯಾರಿಗೂ ಹೇಳೋ ಜರೂರತ್ತೇ ಬರಬಾರ್ದು. ಹೆಡ್‌ಮಾಸ್ತರ್ ಎಸ್‌ಡಿಎಂಸಿ (ಸಾಲಿ ಅಭಿವೃದ್ಧಿ ಸಮಿತಿ) ಮೀಟಿಂಗಿನ್ಯಾಗ ಇಡ್ತೀನಂದ್ರು, ಆದ್ರ 17 ಅಂದ್ರ ಬರೋ ಮಂಗಳವಾರ. ಅಲ್ಲೀತನಕ ಎಲ್ಲಾರಿಗೂ ಲ್ಯಾಬ್ ತಗದು ಸರತಿ ಹಚ್ಚಿದ್ರ ಹೆಂಗ? ಲ್ಯಾಬಿನ ಕಿಡಕಿ ಒಂದಕ್ಕ ಗಾಜಿಲ್ಲ, ಏನಾರ ಕಟ್ಟಬೇಕು, ಮನ್ಯಾಗ ಹಳೀ ಚಾದರ್ ಅದಾವೇನೋ